ಬೆನ್ನಿನ ನೀರು ಕೊಟ್ಟ ಸುಳಿವು: ಜಿಬಿಎಸ್ ಮತ್ತು ಎಚ್‌ಐವಿ

ಪಾದದಲ್ಲಿ ಜೋಮು ಹಿಡಿದು, ಕಾಲುಗಳ ಬಲ ಕುಗ್ಗಿ, ಕೆಲವೇ ದಿನಗಳಲ್ಲಿ ಕೈಗಳಿಗೂ ಉಸಿರಾಟದ ಸ್ನಾಯುಗಳಿಗೂ ಏರುವ ಲಕ್ವವನ್ನು ಫ್ರಾನ್ಸಿನ ವೈದ್ಯ ಲಾಂಡ್ರಿ 1859ರಲ್ಲಿ ವಿವರಿಸಿದರು. ಆಗ ಅದರ ಕಾರಣ ತಿಳಿದಿರಲಿಲ್ಲ. 1891ರಲ್ಲಿ ಜರ್ಮನಿಯ ಕ್ವಿಂಕೆ ಸೊಂಟದ ಬಳಿ ಸೂಜಿ ಚುಚ್ಚಿ ಬೆನ್ನಿನ ನೀರು ತೆಗೆಯುವ ಕ್ರಮವನ್ನು ರೂಢಿಗೆ ತಂದ ಮೇಲೆ ನರರೋಗಗಳ ಪತ್ತೆಗೆ ಹೊಸ ದಾರಿ ಸಿಕ್ಕಿತು.

ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಫ್ರೆಂಚ್ ಸೇನೆಯ ವೈದ್ಯರಾದ ಗಿಲಾನ್, ಬಾರೆ ಮತ್ತು ಸ್ಟ್ರೋಲ್ ಇಂಥ ಲಕ್ವಕ್ಕೆ ತುತ್ತಾದ ಇಬ್ಬರು ಸೈನಿಕರನ್ನು ಪರೀಕ್ಷಿಸಿದರು. ಅವರ ಬೆನ್ನಿನ ನೀರಿನಲ್ಲಿ ಪ್ರೋಟೀನ್ ಹೆಚ್ಚಿತ್ತು, ಜೀವಕೋಶಗಳು ಮಾತ್ರ ಹೆಚ್ಚಿರಲಿಲ್ಲ. ಸೋಂಕಿದ್ದರೆ ಕೋಶಗಳೂ ಹೆಚ್ಚಬೇಕಿತ್ತು. ಈ ವ್ಯತ್ಯಾಸವೇ ಗಿಲಾನ್-ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್‌ನ ಗುರುತಾಯಿತು. 1955ರಲ್ಲಿ ವ್ಯಾಕ್ಸ್‌ಮನ್ ಮತ್ತು ಆಡಮ್ಸ್ ಮೊಲಗಳಿಗೆ ನರದ ಅಂಗಾಂಶವನ್ನು ಚುಚ್ಚಿದಾಗ ಅವುಗಳಿಗೂ ಇಂಥದೇ ಕಾಯಿಲೆ ಬಂತು. ದೇಹದ ರೋಗನಿರೋಧಕ ವ್ಯವಸ್ಥೆಯೇ ನರಗಳ ಮೈಲಿನ್ ಹೊದಿಕೆಯ ಮೇಲೆ ಎರಗಬಲ್ಲದು ಎಂಬುದು ಇದರಿಂದ ಸ್ಪಷ್ಟವಾಯಿತು.

1981ರಲ್ಲಿ ಏಡ್ಸ್ ಬೆಳಕಿಗೆ ಬಂದಾಗ ಈ ತಿಳಿವಳಿಕೆಗೆ ಸವಾಲು ಎದುರಾಯಿತು. ರೋಗನಿರೋಧಕ ಶಕ್ತಿ ಕುಂದುತ್ತಿರುವವರಲ್ಲೂ ಅದೇ ಶಕ್ತಿ ನರಗಳನ್ನು ಹಾಳುಮಾಡುತ್ತಿತ್ತು. 1987ರಲ್ಲಿ ಅಮೆರಿಕದ ಕಾರ್ನ್‌ಬ್ಲಾತ್ ಮತ್ತು ಸಂಗಡಿಗರು ಏಡ್ಸ್‌ಗೆ ಕಾರಣವಾದ ಎಚ್‌ಐವಿ ಸೋಂಕಿತರಲ್ಲಿನ ಈ ನರರೋಗಗಳನ್ನು ವಿವರಿಸಿದರು. ಇವರ ಬೆನ್ನಿನ ನೀರಿನಲ್ಲಿ ಪ್ರೋಟೀನಿನ ಜೊತೆಗೆ ಕೋಶಗಳೂ ಹೆಚ್ಚಿದ್ದವು. ಅಂದಿನಿಂದ, ಜಿಬಿಎಸ್ ರೋಗಿಯಲ್ಲಿ ಕೋಶಗಳು ಹೆಚ್ಚಿದ್ದರೆ ಎಚ್‌ಐವಿ ಪರೀಕ್ಷೆ ಮಾಡಿಸುವುದು ರೂಢಿಗೆ ಬಂತು. ಎಷ್ಟೋ ಮಂದಿಗೆ ಸೋಂಕು ತಗುಲಿರುವುದು ಮೊದಲು ತಿಳಿದದ್ದೇ ಹೀಗೆ.

ಎಚ್‌ಐವಿಯಿಂದ ನಿರೋಧಕ ವ್ಯವಸ್ಥೆ ಬರೀ ಸೊರಗುವುದಿಲ್ಲ, ಅದರ ಹಿಡಿತವೂ ತಪ್ಪುತ್ತದೆ. ಬಿ ಕೋಶಗಳು ಅತಿಯಾಗಿ ಕೆರಳಿ, ಬೇಡದ ಪ್ರತಿಕಾಯಗಳೂ ಹುಟ್ಟುತ್ತವೆ. ಜಿಬಿಎಸ್ ಸಾಮಾನ್ಯವಾಗಿ ಸೋಂಕಿನ ಆರಂಭದಲ್ಲಿ, ಎಚ್‌ಐವಿ ದಾಳಿ ಮಾಡುವ ಸಿಡಿ4 ಕೋಶಗಳು ಇನ್ನೂ ಸಾಕಷ್ಟಿರುವಾಗಲೇ ಕಾಣಿಸಿಕೊಳ್ಳುವುದು ಇದಕ್ಕೆ ಹೊಂದುತ್ತದೆ. ಆದರೆ ಕೊನೆಯ ಹಂತದ ಏಡ್ಸ್‌ನಲ್ಲಿ ಕಾಲುಗಳು ಸೋತರೆ ಸೈಟೊಮೆಗಾಲೊ ವೈರಸ್ ನರಬೇರುಗಳನ್ನು ಹೊಕ್ಕಿರಬಹುದು. ಅದಕ್ಕೆ ವೈರಸ್ ನಿರೋಧಕ ಔಷಧಿಯೇ ಬೇಕು.

ಚಿಕಿತ್ಸೆಯ ಆಯ್ಕೆಯೂ ಇಲ್ಲಿ ಸೂಕ್ಷ್ಮ. ಸ್ಟೀರಾಯ್ಡ್‌ಗಳಿಂದ ಜಿಬಿಎಸ್ ಗುಣವಾಗುವುದಿಲ್ಲ, ಮೊದಲೇ ಕುಂದಿದ ನಿರೋಧಕ ಶಕ್ತಿ ಇನ್ನಷ್ಟು ಕುಂದುತ್ತದೆ. 1985ರಲ್ಲಿ ಪ್ಲಾಸ್ಮಾ ಬದಲಾವಣೆ, 1992ರಲ್ಲಿ ಇಮ್ಯುನೊಗ್ಲಾಬ್ಯುಲಿನ್ ಫಲಕಾರಿ ಎಂದು ದೊಡ್ಡ ಪ್ರಯೋಗಗಳು ತೋರಿಸಿದವು. ನಿರೋಧಕ ಶಕ್ತಿಯನ್ನು ಅಡಗಿಸದೆಯೇ ನರಗಳನ್ನು ಕಾಪಾಡುವ ಈ ಎರಡು ವಿಧಾನಗಳೇ ಇಂದಿಗೂ ಎಚ್‌ಐವಿ ಸೋಂಕಿತರ ಜಿಬಿಎಸ್‌ಗೆ ಮುಖ್ಯ ಚಿಕಿತ್ಸೆ. ಜೊತೆಗೆ ಎಚ್‌ಐವಿ ಔಷಧಿಗಳನ್ನೂ ಕೊಡಲಾಗುತ್ತದೆ.