ಮಧುವನಹಳ್ಳಿಯ ಸೀಮೆಯ ವಾಯುಗುಣ: 'ಕೆಟ್ಟ ಗಾಳಿ'ಯ ಪೂರ್ವೋತ್ತರ

ಒಂದು ಜನಪದವು ಒಟ್ಟಿಗೇ ರೋಗಕ್ಕೆ ಈಡಾಗುವುದಕ್ಕೆ ವಾಯು, ಉದಕ, ದೇಶ, ಕಾಲ ಎಂಬ ನಾಲ್ಕರ ವಿಕೃತಿಯೇ ಕಾರಣವೆಂದು ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಹೇಳಿದೆ. ಮನುಷ್ಯರ ಪ್ರಕೃತಿ, ಆಹಾರ, ವಯಸ್ಸುಗಳು ಬೇರೆ ಬೇರೆಯಾದರೂ ಈ ನಾಲ್ಕು ಎಲ್ಲರಿಗೂ ಸಮಾನವಾದುವೆಂಬುದೇ ಅಲ್ಲಿಯ ಯುಕ್ತಿ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿರುವ ಮಧುವನಹಳ್ಳಿಯ ಸೀಮೆಯನ್ನು ಪರಿಶೀಲಿಸುವವರಿಗೆ ಈ ನಾಲ್ಕರ ಪೈಕಿ ವಾಯುವನ್ನು ದೇಶಕಾಲಗಳಿಂದ ಬಿಡಿಸಿ ನೋಡುವುದು ಅಸಾಧ್ಯವೆಂದು ತೋರದಿರದು.

ಈ ಸೀಮೆಗೆ ಉತ್ತರದಲ್ಲಿ ಕಾವೇರಿ. ನೈಋತ್ಯ ದಿಕ್ಕಿನಲ್ಲಿ ಸುಮಾರು 1,800 ಮೀಟರ್ ಎತ್ತರದ ಶಿಖರಗಳುಳ್ಳ ಬಿಳಿಗಿರಿರಂಗನ ಬೆಟ್ಟಗಳು. ಹನೂರಿನಾಚೆಗೆ ಮಲೆಯ ಮಹದೇಶ್ವರನ ಬೆಟ್ಟಗಳು. ನಡುವಣ ಬಯಲು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇದರ ಪೂರ್ವವೃತ್ತಾಂತವನ್ನು ಬರೆಯುವವರಿಗೆ ಒಂದು ತೊಡಕುಂಟು. ಟಿಪ್ಪುವಿನ ಪತನಾನಂತರ 1799ರಲ್ಲಿ ಕೊಳ್ಳೇಗಾಲವು ಕಂಪೆನಿಯವರ ವಶವಾಗಿ, 1956ರ ವರೆಗೆ ಮದರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರಾದರೋ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಮೈಸೂರಿನಲ್ಲಿಯೇ ಉಳಿಯಿತು. ಆದುದರಿಂದ ಒಂದೇ ಗಾಳಿಯನ್ನು ಉಸಿರಾಡಿದ ಜನರ ಲೆಕ್ಕಪತ್ರಗಳು ಎರಡು ಸರಕಾರಗಳ ದಫ್ತರಗಳಲ್ಲಿ ಚದರಿಹೋದವು.

ಹತ್ತೊಂಬತ್ತನೆಯ ಶತಮಾನದ ಆಂಗ್ಲೇಯರಿಗೆ ಈ ಬೆಟ್ಟಗಳ ತಪ್ಪಲೆಂದರೆ ಕಾಡುಜ್ವರದ ನೆಲೆ. ಆನೆ ಹಿಡಿಯುವುದರಲ್ಲಿ ಪ್ರಸಿದ್ಧನಾದ ಸ್ಯಾಂಡರ್‌ಸನ್ ಎಂಬುವನು ಇದೇ ಪ್ರಾಂತದಲ್ಲಿ ತಿರುಗಾಡಿ, 1878ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಜ್ವರದ ಮಾತನ್ನೂ ಎತ್ತಿದ್ದಾನೆ. ಕಾವೇರಿಯ ಮೇಲ್ದಂಡೆಯಲ್ಲಿ ಶ್ರೀರಂಗಪಟ್ಟಣದ ದಂಡು ಜ್ವರಬಾಧೆಯಿಂದ 1809ರಲ್ಲಿ ಬೆಂಗಳೂರಿಗೆ ಸಾಗಿತ್ತು. ಇವೆಲ್ಲಕ್ಕೂ ಜೌಗುನೆಲದಿಂದಲೂ ಕೊಳೆತ ತರಗಿನಿಂದಲೂ ಏಳುವ ವಿಷವಾಯುವೇ ಕಾರಣವೆಂದು ಆ ಕಾಲದ ವೈದ್ಯರ ನಂಬಿಕೆ. 'ಮಲೇರಿಯಾ' ಎಂಬ ಇಟಲಿಯ ಶಬ್ದಕ್ಕೆ ಅರ್ಥವೇ ಕೆಟ್ಟ ಗಾಳಿ.

1897ನೆಯ ಇಸವಿ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಜಠರದಲ್ಲಿ ಈ ಜ್ವರದ ಜೀವಿಯನ್ನು ಕಂಡನು. ವಾಯುವಿನ ಮೇಲಿನ ಅಪವಾದ ತೊಲಗಿತು. ಆದರೆ ಹಿಂದಿನವರನ್ನು ಮೂಢರೆಂದು ಹಳಿಯುವುದು ನ್ಯಾಯವಲ್ಲ. ತಪ್ಪಲಿನ ಮಂದಗತಿಯ ತೊರೆಗಳು, ಮಳೆ ಹಿಂದೆಗೆದ ಮೇಲೆ ನಿಂತ ನೀರು, ಇವು ಸೊಳ್ಳೆಗಳ ತವರು. ಗಾಳಿ ಸ್ತಬ್ಧವಾಗುವುದೂ ಮಳೆಗಾಲ ಮುಗಿದ ಮೇಲೆಯೇ. ದೇಶವನ್ನೂ ಕಾಲವನ್ನೂ ಅವರು ಸರಿಯಾಗಿಯೇ ಗುರುತಿಸಿದ್ದರು. ಕಾರಣದಲ್ಲಿ ಮಾತ್ರ ಎಡವಿದರು. ಖೇದದ ಸಂಗತಿಯೆಂದರೆ, ನಿರ್ದೋಷಿಯೆನಿಸಿಕೊಂಡ ಗಾಳಿಯನ್ನು ಆಮೇಲೆ ವಿಚಾರಿಸುವವರೇ ವಿರಳವಾದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯ ಆರಂಭವಾಯಿತು, ಡಿ.ಡಿ.ಟಿ. ಹಳ್ಳಿ ಹಳ್ಳಿಗೂ ಬಂದಿತು. ಜ್ವರ ತಗ್ಗಿತು, ಹೊಗೆ ಉಳಿಯಿತು.

ಆ ಹೊಗೆಗೂ ಋತುಕ್ರಮವುಂಟು. ಆಷಾಢದಲ್ಲಿ ಮುಂಗಾರಿನ ಗಾಳಿಯು ಪಡುವಣ ಬೆಟ್ಟಗಳಲ್ಲಿ ನೀರನ್ನು ಸುರಿದು, ಇಲ್ಲಿಗೆ ಬಹುಮಟ್ಟಿಗೆ ಬರಿಗೈಯಲ್ಲಿ ಬರುತ್ತದೆ; ಮಳೆ ಅಲ್ಪವಾದರೂ ಬೀಸು ಬಲವಾದುದರಿಂದ ಹೊಗೆ ನಿಲ್ಲದು. ಚಿತ್ತೆ ಸ್ವಾತಿಗಳ ಹಿಂಗಾರು ಮಳೆ ಆಕಾಶವನ್ನು ತೊಳೆಯುತ್ತದೆ. ಮಾರ್ಗಶಿರ ಪುಷ್ಯಗಳಲ್ಲಿ ಕಥೆ ಬೇರೆ. ನಿರ್ಮೇಘವಾದ ರಾತ್ರಿಯಲ್ಲಿ ನೆಲ ಬೇಗನೆ ತಣಿದು, ಬೆಟ್ಟದ ಇಳಿಜಾರಿನ ತಣ್ಣನೆಯ ಗಾಳಿ ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕವಿಯುತ್ತದೆ. ಒಲೆಯ ಹೊಗೆ, ಆಲೆಮನೆಯ ಹೊಗೆ, ಹೆದ್ದಾರಿಯ ಧೂಳು, ಎಲ್ಲವೂ ಬಿಸಿಲೇರುವ ತನಕ ಆ ಮುಚ್ಚಳದಡಿಯಲ್ಲಿಯೇ. ಊರವರು ಇಬ್ಬನಿಯೆಂದು ಕರೆಯುವುದರಲ್ಲಿ ಇಬ್ಬನಿಯ ಪಾಲೆಷ್ಟು, ಹೊಗೆಯ ಪಾಲೆಷ್ಟು ಎಂಬುದು ಬರಿಗಣ್ಣಿಗೆ ತಿಳಿಯುವಂಥದಲ್ಲ. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳಿಗೆ 2009ರ ಭಾರತೀಯ ನಿಯಮವು ಒಂದು ಘನಮೀಟರಿಗೆ ದಿನದ ಸರಾಸರಿ 60 ಮೈಕ್ರೋಗ್ರಾಮಿನ ಮಿತಿಯನ್ನಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು 15ಕ್ಕೆ ಇಳಿಸಿ ಹೇಳಿತು. ಈ ಅಂತರವೇ ಅಲ್ಪವಲ್ಲ.

ಕೊಳ್ಳೇಗಾಲದ ಕೀರ್ತಿಗೆ ಕಾರಣವಾದ ರೇಷ್ಮೆಯೂ ಈ ವಿಚಾರಕ್ಕೆ ಸೇರಿದುದು. ಹುಳು ಸಾಕುವವರು ಗಾಳಿಯ ವಿಷಯದಲ್ಲಿ ಬಹು ಜಾಗರೂಕರು. ಹೊಗೆಸೊಪ್ಪಿನ ಸೋಂಕಿಗೂ ಹುಳು ಸಾಯುತ್ತದೆ. ಆದರೆ ಅದೇ ಗೂಡನ್ನು ಬೇಯಿಸಿ ನೂಲು ತೆಗೆಯುವ ಒಲೆಯ ಮುಂದೆ, ಸೌದೆಯ ಹೊಗೆಯಲ್ಲಿಯೂ ಆವಿಯಲ್ಲಿಯೂ ಹೊತ್ತು ಕಳೆದ ಹೆಂಗಸರ ಉಸಿರಿನ ಕಡೆಗೆ ಅಷ್ಟು ಗಮನ ಹೋಗಲಿಲ್ಲ. ನೂಲು ತೆಗೆಯುವವರಲ್ಲಿ ಉಬ್ಬಸವು ಕಂಡುಬರುವುದನ್ನು ವೈದ್ಯರು ಗುರುತಿಸಿದ್ದು ಬಹು ತಡವಾಗಿ.

ಫಾಲ್ಗುಣ ಚೈತ್ರಗಳಲ್ಲಿ ನೆಲ ಕಾದು ಗಾಳಿ ಮೇಲೇಳುತ್ತದೆ; ಮುಚ್ಚಳ ಒಡೆಯುತ್ತದೆ. ಆಗ ಬರುವುದು ಕಾಡುಗಿಚ್ಚಿನ ಹೊಗೆ. ಬೇಸಗೆ ಬಲಿಯುವ ಮೊದಲೇ ಒಣಗಿದ ಎಲೆಗಳನ್ನು ಸೋಲಿಗರು ಹದವರಿತು ಸುಡುತ್ತಿದ್ದರು. ಅದಕ್ಕೆ ತರಗು ಬೆಂಕಿಯೆಂದು ಹೆಸರು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟವು ವನ್ಯಧಾಮವಾದ ಮೇಲೆ ಆ ಪದ್ಧತಿ ನಿಂತಿತು. ಅಂದಿನಿಂದ ಲಂಟಾನದ ಪೊದೆ ಹಬ್ಬಿತೆಂದೂ, ಈಗ ಹೊತ್ತುವ ಕಿಚ್ಚು ಹಿಂದಿನಂತೆ ನೆಲದ ಮಟ್ಟದಲ್ಲಿ ನಿಲ್ಲದೆ ಮರದ ತುದಿಗೆ ಏರುವುದೆಂದೂ ಸೋಲಿಗರ ಹಿರಿಯರು ಹೇಳುತ್ತಾರೆ.