ಕೃಪೆ ಮತ್ತು ಕ್ರಿಯೆ

ಕ್ಯಾಥೊಲಿಕರಿಗೆ ಮೋಕ್ಷವು ಸತ್ಕ್ರಿಯೆಗಳಿಂದ, ಪ್ರಾಟೆಸ್ಟಂಟರಿಗೆ ನಂಬಿಕೆಯಿಂದ ಎಂದು ಎರಡೇ ಮಾತಿನಲ್ಲಿ ಹೇಳಿ ಮುಗಿಸುವ ವಾಡಿಕೆ ನಮ್ಮಲ್ಲುಂಟು. ಈ ಮಾತು ಎರಡು ಪಂಥಗಳಿಗೂ ನ್ಯಾಯ ಸಲ್ಲಿಸುವುದಿಲ್ಲ. ನಾನು ನೆಲೆಸಿರುವ ಪುಟ್ಟೇನಹಳ್ಳಿಯಿಂದ ನಗರದ ಕಡೆಗೆ ಹೊರಟರೆ, ಮಲ್ಲೇಶ್ವರದಲ್ಲಿ ಕ್ಯಾಥೊಲಿಕ್ ಗುರುಗಳನ್ನು ಸಿದ್ಧಗೊಳಿಸುವ ಸಂತ ಪೇತ್ರರ ಸೆಮಿನರಿ ಇದೆ. ಬೆನ್ಸನ್ ಟೌನಿನಲ್ಲಿ ಪ್ರಾಟೆಸ್ಟಂಟ್ ಸಭಾಪಾಲಕರನ್ನು ಸಿದ್ಧಗೊಳಿಸುವ, ೧೯೧೦ರಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ಎರಡೂ ಕಡೆ ಓದುವುದು ಸಂತ ಪೌಲನ ಅವೇ ಪತ್ರಿಕೆಗಳನ್ನು. ಹಾಗಾದರೆ ಭೇದವಿರುವುದು ಎಲ್ಲಿ?

೧೫೧೭ರಲ್ಲಿ ಮಾರ್ಟಿನ್ ಲೂಥರನು ಎತ್ತಿದ ವಿವಾದಕ್ಕೆ ರೋಮಿನ ಸಭೆಯು ೧೫೪೭ರ ಜನವರಿಯಲ್ಲಿ, ಟ್ರೆಂಟ್ ಮಹಾಸಭೆಯಲ್ಲಿ ಉತ್ತರ ಕೊಟ್ಟಿತು. ದೇವರ ಕೃಪೆಯಿಲ್ಲದೆ ಕೇವಲ ಸ್ವಪ್ರಯತ್ನದಿಂದ ಮನುಷ್ಯನು ಉದ್ಧಾರವಾಗಲಾರನೆಂದು ಆ ಸಭೆಯೂ ಸ್ಪಷ್ಟವಾಗಿ ಸಾರಿತು. ಕೃಪೆಯೇ ಮೊದಲು ಎಂಬಲ್ಲಿ ಜಗಳವಿಲ್ಲ. ಕೃಪೆ ಮಾಡುವುದೇನು ಎಂಬಲ್ಲಿ ಜಗಳ. ಲೂಥರನ ಪ್ರಕಾರ, ದೇವರು ಕ್ರಿಸ್ತನ ಸಲುವಾಗಿ ಪಾಪಿಯನ್ನು ನೀತಿವಂತನೆಂದು ನಿರ್ಣಯಿಸುತ್ತಾನೆ. ನಂಬಿಕೆಯು ಆ ತೀರ್ಪನ್ನು ಸ್ವೀಕರಿಸುವ ಬರಿಯ ಕೈ. ಟ್ರೆಂಟಿನ ಪ್ರಕಾರ, ವರಪ್ರಸಾದವು ಒಳಹೊಕ್ಕು ಪಾಪಿಯನ್ನು ನಿಜವಾಗಿಯೇ ನೀತಿವಂತನನ್ನಾಗಿ ಮಾಡುತ್ತದೆ. ಅವನು ಅದಕ್ಕೆ ಒಪ್ಪಿ ಸಹಕರಿಸಬೇಕು. ಸಂಸ್ಕಾರಗಳಿಂದ ಅದು ಬೆಳೆಯುತ್ತದೆ, ಘೋರ ಪಾಪದಿಂದ ಕಳೆದುಹೋಗುತ್ತದೆ, ಪಾಪನಿವೇದನೆಯಿಂದ ಮತ್ತೆ ದೊರೆಯುತ್ತದೆ.

ಮೇಲುಕೋಟೆಯನ್ನು ಬಲ್ಲವರಿಗೆ ಇದು ತೀರ ಅಪರಿಚಿತ ವಾದವಲ್ಲ. ತಾಯಿಯನ್ನು ಅವುಚಿಕೊಂಡ ಕೋತಿಮರಿಯ ದೃಷ್ಟಾಂತ ವಡಕಲೆಯವರದು. ತಾಯಿಯೇ ಕಚ್ಚಿಕೊಂಡು ಒಯ್ಯುವ ಬೆಕ್ಕಿನಮರಿಯ ದೃಷ್ಟಾಂತ ತೆಂಕಲೆಯವರದು. ಲೂಥರನು ಬೆಕ್ಕಿನಮರಿಯ ಪಕ್ಷವೆನ್ನಬಹುದು. ಆದರೆ ಕ್ಯಾಥೊಲಿಕರನ್ನು ಕೋತಿಮರಿಯ ಪಕ್ಷಕ್ಕೆ ಸೇರಿಸುವಾಗ ಒಂದು ಮಾತು ಕೂಡಿಸಬೇಕು: ಅವುಚಿಕೊಳ್ಳುವ ಬಲವನ್ನೂ ತಾಯಿಯೇ ಕೊಟ್ಟಿದ್ದಾಳೆ.

ಈ ಭೇದ ಕನ್ನಡನಾಡಿನ ಚರಿತ್ರೆಯಲ್ಲೂ ಗುರುತು ಬಿಟ್ಟಿದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ಯಾಥೊಲಿಕರ ನಡುವೆ ದುಡಿದ ಅಬ್ಬೆ ದುಬಾಯ್, ೧೮೨೩ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ, ಹಿಂದೂಗಳು ಕ್ರೈಸ್ತರಾಗುವ ಕಾಲ ಕಳೆದುಹೋಯಿತೆಂದೂ ಪೂರ್ವಸಿದ್ಧತೆಯಿಲ್ಲದ ಜನರ ಕೈಗೆ ಬರಿಯ ಬೈಬಲ್ ಕೊಡುವುದು ವ್ಯರ್ಥವೆಂದೂ ಬರೆದನು. ಗುರುವೂ ಸಂಸ್ಕಾರವೂ ಇಲ್ಲದ ಗ್ರಂಥ ಅವನಿಗೆ ಅಪೂರ್ಣ. ಮರುವರ್ಷವೇ ಪ್ರಾಟೆಸ್ಟಂಟರಿಂದ ಪ್ರತ್ಯುತ್ತರಗಳು ಹೊರಬಂದವು. ಅದೇ ಕಾಲದಲ್ಲಿ, ೧೮೧೦ರಿಂದ ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುತ್ತಿದ್ದನು. ೧೮೩೧ರ ಹೊತ್ತಿಗೆ ಆ ಕೆಲಸ ಪೂರ್ತಿಯಾಯಿತು. ವಾಕ್ಯವನ್ನು ಕೇಳಿ ನಂಬುವುದೇ ಉದ್ಧಾರದ ದಾರಿಯಾದರೆ, ಆ ವಾಕ್ಯ ಕೇಳುವವನ ಭಾಷೆಯಲ್ಲಿರಲೇಬೇಕಷ್ಟೆ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಮುದ್ರಣಕ್ಕೂ ೧೮೯೪ರ ಕಿಟ್ಟೆಲ್ ನಿಘಂಟಿಗೂ ಹಿಂದೆ ಈ ತತ್ತ್ವದ ಒತ್ತಡವಿದೆ. ಹಾಗೆಂದು ಕ್ಯಾಥೊಲಿಕರು ಕನ್ನಡವನ್ನು ಕಡೆಗಣಿಸಿದರೆನ್ನುವುದು ತಪ್ಪು; ೧೭ನೆಯ ಶತಮಾನದಲ್ಲಿಯೇ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ವಿತ್ ಪಾದ್ರಿ ಚಿನ್ನಾಮಿ ಕನ್ನಡವನ್ನು ಕಲಿತು ಅದರಲ್ಲಿ ಧರ್ಮಬೋಧೆಯನ್ನು ಬರೆದಿದ್ದನು. ಕ್ರಿಯೆಯಿಂದ ಮೋಕ್ಷವಿಲ್ಲವೆಂದವರು ಎಷ್ಟೊಂದು ದುಡಿದರೆಂಬುದು ಮಾತ್ರ ಗಮನಾರ್ಹ. ಅವರ ಪಾಲಿಗೆ ದುಡಿಮೆಯು ಉದ್ಧಾರದ ಬೆಲೆಯಲ್ಲ, ಅದರ ಫಲ.

ಭೇದ ಎದೆಗೆ ತಟ್ಟುವುದು ಸಾವಿನ ಮುಂದೆ. ನವೆಂಬರ್ ೨ರಂದು ಕ್ಯಾಥೊಲಿಕರು ಸಮಾಧಿಗಳಿಗೆ ಹೂವಿಟ್ಟು, ಶುದ್ಧೀಕರಣದ ಸ್ಥಿತಿಯಲ್ಲಿರುವ ಆತ್ಮಗಳಿಗಾಗಿ ಪ್ರಾರ್ಥಿಸುತ್ತಾರೆ. ಸುಧಾರಣೆಯ ಹಾದಿಯ ಪ್ರಾಟೆಸ್ಟಂಟರು ಅಗಲಿದವರಿಗಾಗಿ ಸ್ತೋತ್ರ ಸಲ್ಲಿಸುತ್ತಾರೆ. ಅವರ ಪಾಪಕ್ಷಯಕ್ಕಾಗಿ ಬೇಡುವುದಿಲ್ಲ. ತಾಯಿಗಾಗಿ ಇನ್ನೂ ಏನನ್ನಾದರೂ ಮಾಡಬಹುದೆಂಬುದು ಒಬ್ಬ ಮಗನ ಸಮಾಧಾನ. ಮಾಡಬೇಕಾದುದೆಲ್ಲವನ್ನೂ ಕ್ರಿಸ್ತನೇ ಮಾಡಿ ಮುಗಿಸಿದ್ದಾನೆಂಬುದು ಇನ್ನೊಬ್ಬನದು. ಎರಡು ಪಂಥಗಳ ನಡುವೆ ಮದುವೆಯಾದ ಮನೆಗಳಲ್ಲಿ ಈ ಎರಡು ಸಮಾಧಾನಗಳೂ ಒಂದೇ ಗೋರಿಯ ಬಳಿ ನಿಲ್ಲಬೇಕಾಗುತ್ತದೆ.

೧೯೯೯ರ ಅಕ್ಟೋಬರ್ ೩೧ರಂದು, ಜರ್ಮನಿಯ ಆಗ್ಸ್‌ಬರ್ಗಿನಲ್ಲಿ, ಕ್ಯಾಥೊಲಿಕರೂ ಲೂಥರನ್ನರೂ ಕೂಡಿ ಒಂದು ಘೋಷಣೆಗೆ ಸಹಿ ಹಾಕಿದರು. ನಮ್ಮ ಪುಣ್ಯದ ಬಲದಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ. ಆ ಕೃಪೆಯೇ ಸತ್ಕ್ರಿಯೆಗೆ ಪ್ರೇರಿಸುತ್ತದೆ ಎಂಬುದು ಅದರ ಸಾರ. ೨೦೦೬ರಲ್ಲಿ ಮೆಥೊಡಿಸ್ಟರು, ೨೦೧೭ರಲ್ಲಿ ಸುಧಾರಿತ ಸಭೆಗಳವರು ಅದಕ್ಕೆ ಸೇರಿಕೊಂಡರು. ಭೇದವೆಲ್ಲ ಅಳಿಯಿತೆಂದಲ್ಲ, ಸತ್ತವರಿಗಾಗಿ ಬೇಡುವ ಪ್ರಶ್ನೆ ಹಾಗೆಯೇ ಉಳಿದಿದೆ. ಆದರೆ ಒಬ್ಬರ ನಂಬಿಕೆಯನ್ನು ಮತ್ತೊಬ್ಬರು ಶಪಿಸಬೇಕಾಗಿಲ್ಲವೆಂದು ಒಪ್ಪಿಕೊಳ್ಳಲು ನಾಲ್ಕೂವರೆ ಶತಮಾನಗಳು ಬೇಕಾದವು. ನೆರೆಹೊರೆಯವರ ಧರ್ಮವನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸುವ ಮುನ್ನ ನಾವು ಇದನ್ನು ನೆನೆಯುವುದು ಒಳ್ಳೆಯದು.