ಸೋತ ಪ್ರವಾಹದ ಮರುಪಯಣ

ವಿದ್ಯುಚ್ಛಕ್ತಿಯ ಇತಿಹಾಸದಲ್ಲಿ, ಸೋತು ಮೂಲೆ ಸೇರಿದ್ದೊಂದು ಮರಳಿ ಬಂದು ಪಟ್ಟವೇರಿದ ಕಥೆಯುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ಪ್ರವಾಹಕ್ಕೂ ಕ್ಷಣಕ್ಷಣಕ್ಕೆ ದಿಕ್ಕು ಬದಲಿಸುವ ಎ.ಸಿ. ಪ್ರವಾಹಕ್ಕೂ ಹೋರಾಟ ನಡೆದು ಎ.ಸಿ. ಗೆದ್ದಿತು. ಗೆಲುವಿನ ಗುಟ್ಟು ಟ್ರಾನ್ಸ್‌ಫಾರ್ಮರು: ಒತ್ತಡವನ್ನು ಏರಿಸಿ ದೂರಕ್ಕೆ ಕಳುಹಿಸಿ, ಊರ ಬಾಗಿಲಲ್ಲಿ ಇಳಿಸಿಕೊಳ್ಳಬಹುದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದದ್ದೂ ಎ.ಸಿ.ಯೇ.

ಆದರೆ ಈ ವಿಜಯಿಗೆ ಕಡಲು ದಾಟುವುದು ಕಷ್ಟ. ನೀರಡಿಯ ಕೇಬಲ್ಲು ವಿದ್ಯುತ್ತನ್ನು ತುಂಬಿಕೊಳ್ಳುವ ಪಾತ್ರೆಯಂತೆ. ಎ.ಸಿ. ಸೆಕೆಂಡಿಗೆ 50 ಆವರ್ತ ಸುತ್ತುವಾಗ ಆ ಪಾತ್ರೆಯನ್ನು ತುಂಬುವುದು, ಬರಿದುಮಾಡುವುದು, ಇದರಲ್ಲಿಯೇ ಕೇಬಲ್ಲಿನ ಸಾಮರ್ಥ್ಯ ಕರಗುತ್ತದೆ. ಉದ್ದ ಹೆಚ್ಚಿದಷ್ಟೂ ಆಚೆ ದಡಕ್ಕೆ ತಲುಪುವುದು ಕಡಿಮೆ. ಡಿ.ಸಿ.ಯಾದರೋ ಒಮ್ಮೆ ತುಂಬಿದರೆ ಮುಗಿಯಿತು.

ಬಾಲ್ಟಿಕ್ ಸಮುದ್ರದ ಗಾಟ್ಲೆಂಡ್ ದ್ವೀಪಕ್ಕೆ ಸ್ವೀಡನ್ನಿನ ದಡದಿಂದ ವಿದ್ಯುತ್ತು ಒಯ್ಯುವಾಗ ಎದುರಾದದ್ದು ಇದೇ ತೊಡಕು. ಎಂಜಿನಿಯರ್ ಊನೋ ಲಾಮ್ ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿದು ಪಾದರಸದ ಕವಾಟವನ್ನು ಪಳಗಿಸಿದರು. ಎ.ಸಿ.ಯನ್ನು ಡಿ.ಸಿ.ಯಾಗಿಸಿ, ಆಚೆ ದಡದಲ್ಲಿ ಮತ್ತೆ ಎ.ಸಿ.ಯಾಗಿಸುವುದು ಅದರ ಕೆಲಸ. 1954ರಲ್ಲಿ 100 ಕಿಲೋವೋಲ್ಟ್ ಒತ್ತಡದಲ್ಲಿ 20 ಮೆಗಾವಾಟ್ ಶಕ್ತಿ ದ್ವೀಪ ಸೇರಿತು. ಹಾಕಿದ ಕೇಬಲ್ಲು ಒಂದೇ. ಪ್ರವಾಹಕ್ಕೆ ಮರಳುವ ಹಾದಿಯಾದದ್ದು ಸಮುದ್ರ.

ಕಾಲಾನಂತರ ಅದೇ ದ್ವೀಪದ ದಕ್ಷಿಣದಲ್ಲಿ ಗಾಳಿಯಂತ್ರಗಳು ಎದ್ದವು. ಗಾಳಿ ಬೀಸಿದಾಗ ಉಕ್ಕಿ, ನಿಂತಾಗ ಬತ್ತುವ ಶಕ್ತಿಯನ್ನು ಹಳ್ಳಿಗಾಡಿನ ಬಡ ತಂತಿಗಳು ತಾಳಬೇಕಲ್ಲ! ಲಾಮರ ಪದ್ಧತಿಯೂ ಇಲ್ಲಿ ಒದಗುವಂತಿರಲಿಲ್ಲ. ಬೇರೆಯವರು ಹಾಕಿದ ತಾಳಕ್ಕೆ ಹೆಜ್ಜೆಯಿಡುವುದಷ್ಟೇ ಅದಕ್ಕೆ ಗೊತ್ತು. ಎರಡು ತುದಿಯಲ್ಲಿಯೂ ಬಲವಾದ ಎ.ಸಿ. ಜಾಲ ಬೇಕು. 1999ರಲ್ಲಿ ನೇಸ್‌ನಿಂದ ವಿಸ್ಬಿ ಪಟ್ಟಣಕ್ಕೆ ಸುಮಾರು 70 ಕಿಲೋಮೀಟರ್ ಡಿ.ಸಿ. ಕೇಬಲ್ಲನ್ನು ನೆಲದಡಿ ಹೂಳಿದರು. ಸಾಮರ್ಥ್ಯ 50 ಮೆಗಾವಾಟ್. ಇದರ ಕವಾಟಗಳು ಟ್ರಾನ್ಸಿಸ್ಟರಿನವು. ಇವು ತಾವೇ ತಾಳ ಹಾಕಬಲ್ಲವು, ಒತ್ತಡ ಕುಸಿಯದಂತೆ ಹಿಡಿಯಬಲ್ಲವು.

ಉತ್ತರ ಸಮುದ್ರದ ದೂರದ ಗಾಳಿಕ್ಷೇತ್ರಗಳಿಂದ ಜರ್ಮನಿಗೆ ವಿದ್ಯುತ್ತು ಬರುತ್ತಿರುವುದು ಇದೇ ವಿದ್ಯೆಯಿಂದ. ಹಾಗೆಂದು ಎ.ಸಿ. ಮೂಲೆಗೆ ಬಿತ್ತೆಂದಲ್ಲ. ಪರಿವರ್ತಕ ಕೇಂದ್ರಗಳು ಬಲು ದುಬಾರಿಯಾದ್ದರಿಂದ, ದಡದ ಸಮೀಪದ ಯಂತ್ರಗಳಿಗೆ ಇಂದಿಗೂ ಎ.ಸಿ.ಯೇ ಲೇಸು. ಯಾವುದು ಮೇಲೆಂಬ ಹಳೆಯ ಜಗಳವನ್ನು ಕೊನೆಗೆ ತೀರ್ಮಾನಿಸುವುದು ದೂರ ಮತ್ತು ಖರ್ಚು. ನಮ್ಮ ಕೋಲಾರವೇ ಸಾಕ್ಷಿ: 1902ರಲ್ಲಿ ಎ.ಸಿ.ಯನ್ನು ಬರಮಾಡಿಕೊಂಡ ಆ ಸೀಮೆಗೆ 2003ರಲ್ಲಿ ಒಡಿಶಾದ ತಾಲ್ಚೇರಿನಿಂದ ಡಿ.ಸಿ.ಯೂ ಬಂದು ಸೇರಿತು.